ಒಣಗಿದ ಜೆಲ್ ನೋಡಿ ಹಸಿ ಜೆಲ್‌ನ ಕತೆ ಹೇಳಬಹುದೇ?

ಪ್ರಶ್ನೆ: ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಎಫ್‌ಮಾಕ್-ಡೈಫೆನೈಲ್‌ಅಲನೀನ್ ಎಂಬ ಸಣ್ಣ ಅಣುವಿನಿಂದ ಹೈಡ್ರೊಜೆಲ್ ಮಾಡಿದ್ದೇನೆ. ಸೀಸೆ ತಲೆಕೆಳಗು ಮಾಡಿದರೂ ಜೆಲ್ ಬೀಳುವುದಿಲ್ಲ. ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್) ಚಿತ್ರದಲ್ಲಿ ಅಗಲವಾದ ಹಾಳೆಗಳು ಕಾಣುತ್ತವೆ. ಅದೇ ಅಣುವಿನಿಂದ ನನ್ನ ಗೆಳತಿ ಮಾಡಿದ ಜೆಲ್‌ನ ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್) ಚಿತ್ರದಲ್ಲಿ ಸಣ್ಣ ನಾರುಗಳಿವೆ. ಐಆರ್ (ಅವಕೆಂಪು) ರೋಹಿತದಲ್ಲಿ ಪ್ರತಿ ಸೆಂಟಿಮೀಟರ್‌ಗೆ 1685 ಅಲೆಗಳ ಹತ್ತಿರ ಒಂದು ಗೆರೆ ಇದೆ. ಅದನ್ನು ನೋಡಿ ‘ಆ್ಯಂಟಿಪ್ಯಾರಲಲ್ ಬೀಟಾ ಶೀಟ್’ (ಪಕ್ಕಪಕ್ಕದ ಸರಪಳಿಗಳು ಎದುರುಬದುರು ದಿಕ್ಕಿಗೆ ನಿಂತ ಹಾಳೆಯಂಥ ಜೋಡಣೆ) ಎಂದು ಬರೆದಿದ್ದೇನೆ. ಸೆಮಿನಾರಿನಲ್ಲಿ ಒಬ್ಬರು "ಇದೇ ರಚನೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಯಾವ ಉಪಕರಣವನ್ನು ನಂಬಬೇಕು ಸರ್? ನಮ್ಮಲ್ಲಿ ದೊಡ್ಡ ಯಂತ್ರಗಳಿಲ್ಲ.

ಉತ್ತರ: ಆ ಪ್ರಶ್ನೆ ಕೇಳಿದವರಿಗೆ ಮೊದಲು ಒಂದು ಥ್ಯಾಂಕ್ಸ್ ಹೇಳಿಬಿಡಿ. ಫೈನಲ್ ವೈವಾದಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಈಗಲೇ ಕೇಳಿಸಿಕೊಂಡಿದ್ದು ಒಳ್ಳೆಯದಾಯಿತು.

ಇನ್ನು ನಿಮ್ಮ ಪ್ರಶ್ನೆ. ಎಸ್‌ಇಎಂ ಸರಿಯೋ ಟಿಇಎಂ ಸರಿಯೋ ಎಂದು ಕೇಳುತ್ತಿದ್ದೀರಿ. ಎರಡೂ ನಿಮ್ಮ ಜೆಲ್ ಅನ್ನು ನೋಡಿಲ್ಲ. ಎರಡೂ ನೋಡಿದ್ದು ಜೆಲ್ ಒಣಗಿದ ಮೇಲೆ ಉಳಿದ ವಸ್ತುವನ್ನು. ಅದಕ್ಕೂ ಮೊದಲು ಇನ್ನೊಂದು ಮಾತಿದೆ. ನೀವು ಮಾಡಿದ್ದು ಮತ್ತು ನಿಮ್ಮ ಗೆಳತಿ ಮಾಡಿದ್ದು ಒಂದೇ ಜೆಲ್ ಹೌದೋ ಅಲ್ಲವೋ ಅದೂ ಗೊತ್ತಿಲ್ಲ. ಅಣು ಒಂದೇ ಇರಬಹುದು. ಅಷ್ಟಕ್ಕೇ ಜೆಲ್ ಒಂದೇ ಎಂದಾಗುವುದಿಲ್ಲ.

ಸೀಸೆಯಲ್ಲಿ ಏನಿದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ನೀರಿಗೆ 5 ಮಿಲಿಗ್ರಾಂ ಹಾಕುತ್ತಾರೆ. ನೀವೂ ಹಾಗೇ ಮಾಡಿದ್ದೀರಿ ಎಂದುಕೊಳ್ಳುತ್ತೇನೆ. ಈ ಅಣುವಿನ ತೂಕ ಸುಮಾರು 535. ಅಂದರೆ ಒಂದು ಅಣುವಿಗೆ ಹತ್ತಿರ ಹತ್ತಿರ 6,000 ನೀರಿನ ಅಣು. ತೂಕದಲ್ಲಿ ನೂರಕ್ಕೆ 99.5 ಭಾಗ ನೀರೇ. ಆದರೂ ಬೀಳುವುದಿಲ್ಲ! ಅಗರ್ ಆಗಲಿ ಜೆಲಟಿನ್ ಆಗಲಿ, ಅಲ್ಲಿ ಅಣುಗಳೇ ಉದ್ದನೆಯ ಸರಪಳಿಗಳು. ಇಲ್ಲಿ ಅಣು ಎರಡು ನ್ಯಾನೋಮೀಟರ್ ಕೂಡ ಇಲ್ಲ. ಅವು ಒಂದಕ್ಕೊಂದು ತಾವೇ ಅಂಟಿಕೊಂಡು ಎಳೆಯಾಗುತ್ತವೆ. ಎಳೆಗಳು ಸೇರಿ ಬಲೆಯಾಗುತ್ತವೆ. ನೀರು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಅಂಟಿಕೊಂಡಿದ್ದು ಗಟ್ಟಿ ಬಂಧದಿಂದಲ್ಲ. ಹೈಡ್ರೋಜನ್ ಬಂಧ, ಬೆಂಜೀನ್‌ನಂಥ ಆರೊಮ್ಯಾಟಿಕ್ ಉಂಗುರಗಳು ಒಂದರ ಮೇಲೊಂದು ಕೂರುವುದು, ನೀರಿಗೆ ಹೆದರಿ ಒಟ್ಟಾಗುವುದು, ಇಷ್ಟೇ. ಆದ್ದರಿಂದ ನೀರು ತೆಗೆದರೆ, ಬಿಸಿ ಮಾಡಿದರೆ, ಉಪ್ಪು ಹಾಕಿದರೆ ಎಲ್ಲವೂ ಅಲುಗಾಡುತ್ತದೆ.

ಇದೇನೂ ನಿನ್ನೆ ಮೊನ್ನೆಯ ವಿಷಯವಲ್ಲ. 1921ರಲ್ಲೇ ಅಮೆರಿಕದ ಗೋರ್ಟ್ನರ್ ಮತ್ತು ಹಾಫ್‌ಮನ್ ಡೈಬೆಂಜಾಯಿಲ್ ಸಿಸ್ಟೀನ್ ಎಂಬ ಸಣ್ಣ ಅಣು ನೀರನ್ನು ಹೆಪ್ಪುಗಟ್ಟಿಸುತ್ತದೆ ಎಂದು ಬರೆದಿದ್ದರು. ಅದೇ ಜೆಲ್ ಅನ್ನು 2000ದಲ್ಲಿ ಮೆಂಗರ್ ಮತ್ತು ಕ್ಯಾರನ್ ಮತ್ತೆ ಕೈಗೆತ್ತಿಕೊಂಡು, ಅದರ ಅಂಗರಚನೆ ನೋಡಲು ಒಂದು ಉದ್ದನೆಯ ಪ್ರಬಂಧವನ್ನೇ ಬರೆಯಬೇಕಾಯಿತು. 1926ರಲ್ಲಿ ಡೊರೊಥಿ ಜೋರ್ಡನ್ ಲಾಯ್ಡ್ ಜೆಲ್ ಅನ್ನು ಗುರುತಿಸುವುದು ಸುಲಭ, ಇಂಥದ್ದು ಎಂದು ವಿವರಿಸುವುದು ಕಷ್ಟ ಎಂಬರ್ಥದ ಮಾತು ಹೇಳಿದರು. ನೂರು ವರ್ಷವಾಯಿತು, ಈ ಮಾತು ಇನ್ನೂ ಹಳತಾಗಿಲ್ಲ.

ಈಗ ಮಾಡುವ ರೀತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಅರ್ಧ ಗೊಂದಲ ಇಲ್ಲೇ ಇದೆ.

ಬಿಸಿ ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತದೆ? ಒಡೆಯುತ್ತದೆ. ಗಸಿ ಒಂದು ಕಡೆ, ನೀರು ಒಂದು ಕಡೆ. ಅದೇ ಹಾಲಿಗೆ ರಾತ್ರಿ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಚಾಕುವಿನಿಂದ ಕೊಯ್ಯುವಂಥ ಮೊಸರು. ಎರಡರಲ್ಲೂ ಹುಳಿಯೇ ಕೆಲಸ ಮಾಡಿದ್ದು. ಹಾಲೂ ಒಂದೇ. ವ್ಯತ್ಯಾಸ ಹುಳಿ ಬಂದ ವೇಗದಲ್ಲಿ ಮತ್ತು ಅದು ಎಲ್ಲಾ ಕಡೆ ಸಮನಾಗಿ ಬಂತೋ ಇಲ್ಲವೋ ಎನ್ನುವುದರಲ್ಲಿ. ನಿಮ್ಮ ಅಣುವಿನ ಕತೆಯೂ ಇದೇ. ಕ್ಷಾರದಲ್ಲಿ ಕರಗಿಸಿ, ಮೇಲಿಂದ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಹಾಕಿದರೆ ಹನಿ ಬಿದ್ದ ಜಾಗದಲ್ಲಿ ತಕ್ಷಣ ಗಂಟಾಗುತ್ತದೆ. ಕಲಕಿದರೆ ಬಲೆ ಹರಿಯುತ್ತದೆ, ಕಲಕದಿದ್ದರೆ ಗಂಟು ಹಾಗೇ ಉಳಿಯುತ್ತದೆ. 2009ರಲ್ಲಿ ಡೇವ್ ಆಡಮ್ಸ್ ಮತ್ತು ಸಂಗಡಿಗರು, ಆಗ ಲಿವರ್‌ಪೂಲ್‌ನಲ್ಲಿದ್ದರು, ಇದಕ್ಕೆ ಒಂದು ಹೆಪ್ಪು ಹುಡುಕಿದರು. ಅದರ ಹೆಸರು ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನ್. ಬಾಯಲ್ಲಿ ಹಿಡಿಯುವುದು ಕಷ್ಟ, ಜಿಡಿಎಲ್ ಎನ್ನೋಣ. ಈ ಪುಡಿ ನೀರಿನಲ್ಲಿ ಬೇಗ ಕರಗುತ್ತದೆ, ಆದರೆ ನಿಧಾನವಾಗಿ ಗ್ಲುಕೋನಿಕ್ ಆಮ್ಲವಾಗುತ್ತದೆ. ಇಡೀ ಸೀಸೆಯಲ್ಲಿ ಪಿಎಚ್ ಒಂದೇ ಸಮನೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಟೋಫು ಮಾಡುವವರು ಇದನ್ನು ಅದಕ್ಕೂ ಮೊದಲೇ ಬಳಸುತ್ತಿದ್ದರು. ಅಡುಗೆಮನೆಯ ಬುದ್ಧಿ ಪ್ರಯೋಗಾಲಯಕ್ಕೆ ತಡವಾಗಿ ಬಂತು, ಅಷ್ಟೇ.

ಇನ್ನೊಂದು ದಾರಿ ಡಿಎಂಎಸ್ಒ ಎಂಬ ಸಾವಯವ ದ್ರಾವಕದಲ್ಲಿ ಗಟ್ಟಿಯಾಗಿ ಕರಗಿಸಿ ನೀರು ಸುರಿಯುವುದು. ಸುರಿದ ಕೂಡಲೇ ಹಾಲಿನಂತೆ ಬೆಳ್ಳಗಾಗಿ, ಆಮೇಲೆ ತಿಳಿಯಾಗುತ್ತಾ ಜೆಲ್ ಆಗುತ್ತದೆ. ಹೀಗೆ ಮಾಡಿದ ಜೆಲ್ ಅನ್ನು ಕಾನ್‌ಫೋಕಲ್ ಮೈಕ್ರೊಸ್ಕೋಪಿನಲ್ಲಿ (ಹಸಿ ವಸ್ತುವಿನ ಒಳಪದರಗಳನ್ನೂ ತೋರಿಸುವ ಬೆಳಕಿನ ಸೂಕ್ಷ್ಮದರ್ಶಕ) ನೋಡಿದರೆ ಒಂದು ನಡುಬಿಂದುವಿನಿಂದ ಎಲ್ಲಾ ಕಡೆ ಎಳೆಗಳು ಹರಡಿದ ದುಂಡು ಗುಂಪುಗಳು ಕಾಣಬಹುದು, ಸೇವಂತಿಗೆ ಹೂಗಳನ್ನು ಒತ್ತೊತ್ತಾಗಿ ತುಂಬಿದ ಹಾಗೆ. ಜಿಡಿಎಲ್ ಜೆಲ್‌ನಲ್ಲಿ ಸಾಮಾನ್ಯವಾಗಿ ಎಲ್ಲಾ ಕಡೆ ಒಂದೇ ತರಹದ ಬಲೆ. ಅಣು ಅದೇ, ಪ್ರಮಾಣ ಅದೇ. ಮುರಿಯುವ ರೀತಿ ಬೇರೆ. ಎಫ್‌ಮಾಕ್-ಡೈಫೆನೈಲ್‌ಅಲನೀನ್ ಜೆಲ್ ಎಷ್ಟು ಗಟ್ಟಿ ಎಂದು ಬೇರೆ ಬೇರೆ ಗುಂಪುಗಳು ಬರೆದ ಅಂಕಿಗಳನ್ನು ಹುಡುಕಿ ನೋಡಿ. ಕೆಲವು ಪಾಸ್ಕಲ್‌ನಿಂದ ಹತ್ತು ಸಾವಿರ ಪಾಸ್ಕಲ್ ದಾಟಿದವರೆಗೂ ಇವೆ. ಯಾರೂ ಸುಳ್ಳು ಹೇಳಿಲ್ಲ. ಅವರವರು ಹೆಪ್ಪು ಹಾಕಿದ ರೀತಿ ಬೇರೆ.

ಆದ್ದರಿಂದ ಮೊದಲು ಗೆಳತಿಯ ನೋಟ್‌ಬುಕ್ ಇಸಿದುಕೊಳ್ಳಿ. ಅವರು ಡಿಎಂಎಸ್ಒ, ನೀವು ಜಿಡಿಎಲ್ ಎಂದಿದ್ದರೆ ಎರಡು ಚಿತ್ರ ಹೋಲಿಸುವುದೇ ತಪ್ಪು. ಇಬ್ಬರೂ ಜಿಡಿಎಲ್ ಬಳಸಿದ್ದರೂ ಎಷ್ಟು ಹಾಕಿದಿರಿ, ಕೊನೆಯ ಪಿಎಚ್ ಎಷ್ಟು, ಎಷ್ಟು ಗಂಟೆ ಬಿಟ್ಟಿರಿ, ಕೋಣೆಯ ಉಷ್ಣತೆ ಎಷ್ಟಿತ್ತು ಎಂದು ನೋಡಿ. ಏಪ್ರಿಲ್ ತಿಂಗಳ ಧಾರವಾಡದಲ್ಲಿ ಮಧ್ಯಾಹ್ನ ಮಾಡಿದ ಜೆಲ್, ಡಿಸೆಂಬರ್ ಬೆಳಿಗ್ಗೆ ಮಾಡಿದ ಜೆಲ್ ಒಂದೇ ಆಗಿರಬೇಕೆಂದಿಲ್ಲ. ಬಿಸಿಲಿಗೆ ಮೊಸರು ಬೇಗ ಹುಳಿಯಾಗುವುದಿಲ್ಲವೇ, ಜಿಡಿಎಲ್ ಕೂಡ ಹಾಗೇ.

ರಚನೆ ಅಂದರೆ ಯಾವ ಮಟ್ಟದ ರಚನೆ? ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಬಾರದು. ಒಂದು ಹಗ್ಗ ತೆಗೆದುಕೊಳ್ಳಿ. ತೆಂಗಿನ ನಾರು, ನಾರು ಹೊಸೆದರೆ ಹುರಿ, ಹುರಿಗಳು ಸೇರಿದರೆ ಹಗ್ಗ, ಹಗ್ಗ ಹೆಣೆದರೆ ಬಲೆ. ಜೆಲ್‌ನಲ್ಲೂ ಹೀಗೇ. ಅಣುಗಳು ಪಕ್ಕಪಕ್ಕ ಹೇಗೆ ಕೂತಿವೆ ಎನ್ನುವುದು ಒಂದು ನ್ಯಾನೋಮೀಟರ್‌ಗಿಂತ ಕೆಳಗಿನ ಮಾತು. ಒಂಟಿ ಎಳೆಯ ದಪ್ಪ ಕೆಲವು ನ್ಯಾನೋಮೀಟರ್. ಎಳೆಗಳ ಕಟ್ಟು ಹತ್ತಾರು ನ್ಯಾನೋಮೀಟರ್. ಬಲೆಯ ಕಣ್ಣು ಅದಕ್ಕಿಂತ ದೊಡ್ಡದು. ಆ ಸೇವಂತಿಗೆ ಗುಂಪುಗಳು ಮೈಕ್ರೋಮೀಟರ್ ಲೆಕ್ಕದಲ್ಲಿವೆ. ಇಷ್ಟೂ ಮಟ್ಟವನ್ನು ಒಟ್ಟಿಗೆ ತೋರಿಸುವ ಯಂತ್ರ ಇಲ್ಲ. ಐಆರ್ ಹಗ್ಗವನ್ನು ನೋಡುವುದಿಲ್ಲ, ನಾರನ್ನೂ ನೋಡುವುದಿಲ್ಲ. ಅದು ನೋಡುವುದು ಅಣುವಿನ ಒಂದು ಬಂಧದ ಅಲುಗಾಟವನ್ನು. ಗಟ್ಟಿತನ ಅಳೆಯುವ ರಿಯೋಮೀಟರ್ ಬಲೆಯನ್ನು ಎಳೆದು ನೋಡುತ್ತದೆ, ಅಣುವಿನ ಬಗ್ಗೆ ಏನೂ ಹೇಳುವುದಿಲ್ಲ. ಸೀಸೆ ತಲೆಕೆಳಗು ಮಾಡುವುದಂತೂ ಏನನ್ನೂ ಹೇಳುವುದಿಲ್ಲ. ತುಂಬಾ ಮಂದವಾದ ದ್ರಾವಣವೂ ಸಣ್ಣ ಸೀಸೆಯಲ್ಲಿ ಹತ್ತು ನಿಮಿಷ ಅಂಟಿಕೊಂಡು ನಿಲ್ಲುತ್ತದೆ.

ಈಗ ನಿಮ್ಮ ಹಾಳೆಗಳಿಗೆ ಬರುತ್ತೇನೆ. ಎಸ್‌ಇಎಂಗೆ ಕೊಡುವ ಮೊದಲು ಜೆಲ್ ಅನ್ನು ಫ್ರೀಜ್ ಡ್ರೈ ಮಾಡಿದಿರಿ, ಅಲ್ವಾ? ನೀವು ಬರೆದಿಲ್ಲ, ಆದರೆ ಅಗಲವಾದ ಹಾಳೆ ಅಂದ ಕೂಡಲೇ ನನಗೆ ಹೊಳೆದದ್ದು ಅದೇ. ನೀರು ನಿಧಾನವಾಗಿ ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಬೆಳೆಯುತ್ತವೆ. ಮಂಜಿನೊಳಗೆ ನಿಮ್ಮ ಎಳೆಗಳಿಗೆ ಜಾಗ ಇಲ್ಲ. ಹರಳುಗಳು ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತವೆ. ಎರಡು ಹರಳುಗಳ ನಡುವಿನ ಸಂದಿಯಲ್ಲಿ ಎಳೆಗಳೆಲ್ಲ ಒತ್ತಿಕೊಂಡು ಗೋಡೆಯಾಗುತ್ತವೆ. ಆಮೇಲೆ ಮಂಜನ್ನು ಹಾರಿಸಿದರೆ ಗೋಡೆ ಉಳಿಯುತ್ತದೆ. ನೀವು ಫೋಟೋ ತೆಗೆದದ್ದು ಮಂಜಿನ ಅಚ್ಚನ್ನು. ಜೇನುಗೂಡಿನಂಥ ಕಣ್ಣುಗಳನ್ನು ತೋರಿಸಿ ‘ಬಲೆಯ ರಂಧ್ರದ ಅಳತೆ’ ಎಂದು ಬರೆದಿರುವ ಪ್ರಬಂಧಗಳು ಎಷ್ಟೋ ಇವೆ. ಅವರು ಅಳೆದದ್ದು ಐಸ್‌ನ ಹರಳನ್ನು. ಅದರ ಮೇಲೆ ಚಿನ್ನದ ಲೇಪ ಬೇರೆ. ಐದು ನ್ಯಾನೋಮೀಟರ್ ಎಳೆಗೆ ಐದು ನ್ಯಾನೋಮೀಟರ್ ಚಿನ್ನ ಬಳಿದರೆ ಅಳೆಯುವುದು ಏನನ್ನು?

ಸಂಡಿಗೆ ಇಡುವವರನ್ನು ಕೇಳಿ. ತಟ್ಟೆಯಲ್ಲಿ ಒಣಗಿದ ಸಂಡಿಗೆ ನೋಡಿ ಪಾತ್ರೆಯಲ್ಲಿದ್ದ ಹಿಟ್ಟು ಹೇಗಿತ್ತು ಎಂದು ಯಾರಾದರೂ ಹೇಳುತ್ತಾರೆಯೇ? ಎಸ್‌ಇಎಂ ಚಿತ್ರ ಪ್ರಬಂಧದ ಮುಖಪುಟಕ್ಕೆ ಚಂದ. ವಾದಕ್ಕೆ ಅಲ್ಲ.

ಗೆಳತಿಯ ಟಿಇಎಂ ಚಿತ್ರ ಸ್ವಲ್ಪ ವಾಸಿ, ಪೂರ್ತಿ ಅಲ್ಲ. ಗ್ರಿಡ್ ಮೇಲೆ ಒಂದು ಹನಿ ಇಟ್ಟು, ಬ್ಲಾಟಿಂಗ್ ಕಾಗದದಿಂದ ಹೀರಿ, ಬಣ್ಣ ಹಚ್ಚಿ ಒಣಗಿಸುತ್ತಾರೆ. ಒಣಗುವಾಗ ನೀರು ಕಡಿಮೆಯಾಗುತ್ತಾ ಹೋಗುತ್ತದೆ, ಸಾಂದ್ರತೆ ಏರುತ್ತದೆ, ಪಿಎಚ್ ಬದಲಾಗುತ್ತದೆ, ಉಪ್ಪು ಹೊರಬರುತ್ತದೆ. ಪಕ್ಕಪಕ್ಕದ ಎಳೆಗಳು ಒಣಗುತ್ತಾ ಒಂದಕ್ಕೊಂದು ಅಂಟುತ್ತವೆ. ಒದ್ದೆ ಕೂದಲು ಜಡೆಗಟ್ಟುವ ಹಾಗೆ. ಇಲ್ಲದ ಕಟ್ಟುಗಳು ಇರುವಂತೆ ಕಾಣುತ್ತವೆ.

ನನ್ನದೇ ಒಂದು ಕತೆ ಹೇಳುತ್ತೇನೆ. ಪಿಎಚ್‌ಡಿ ಮಾಡುವಾಗ ಒಂದು ಜೆಲ್‌ನ ಚಿತ್ರದಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದ ಚೆಲುವಾದ ಆಕಾರಗಳು ಸಿಕ್ಕಿದವು. ಮೂರು ತಿಂಗಳು ಅದರ ಬಗ್ಗೆ ಸಿದ್ಧಾಂತ ಕಟ್ಟಿದೆ. ಗುಂಪಿನ ಮೀಟಿಂಗ್‌ನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಸೀನಿಯರ್ ಒಬ್ಬರು ಹೇಳಿದರು: "ಬರೀ ಬಫರ್ ಒಣಗಿಸಿ ಒಂದ್ಸಲ ನೋಡು ಮಾರಾಯ." ನೋಡಿದೆ. ಅದೇ ಜರೀಗಿಡ. ಫಾಸ್ಫೇಟ್ ಉಪ್ಪಿನ ಹರಳು. ಅವತ್ತಿನಿಂದ ನನ್ನ ಹತ್ತಿರ ಬರುವ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ, ಜೆಲ್ ಇಲ್ಲದ ಖಾಲಿ ದ್ರಾವಣದ ಚಿತ್ರ ತೆಗೆಯದೆ ಜೆಲ್‌ನ ಚಿತ್ರ ತೋರಿಸಬೇಡಿ ಎಂದು. ಜಿಡಿಎಲ್ ಬಳಸಿದವರಿಗೂ ಇದು ಅನ್ವಯ. ನಿಮ್ಮ ಸೀಸೆಯಲ್ಲಿ ಸೋಡಿಯಂ ಗ್ಲುಕೋನೇಟ್ ಬೇಕಾದಷ್ಟಿದೆ.

ಒಣಗಿಸದೆ ನೋಡುವ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಇದೆ, ಕ್ರಯೋ ಟಿಇಎಂ. ತೆಳ್ಳನೆಯ ನೀರಿನ ಪೊರೆಯನ್ನು ದ್ರವ ಈಥೇನ್‌ಗೆ ಥಟ್ಟನೆ ಅದ್ದಿದರೆ ನೀರಿಗೆ ಹರಳಾಗಲು ಸಮಯವೇ ಸಿಗುವುದಿಲ್ಲ. ಅದು ಗಾಜಿನಂತೆ ನಿಂತುಬಿಡುತ್ತದೆ. ಇದನ್ನು ಸಾಧಿಸಿದ ಡುಬೊಶೆ ಅವರಿಗೆ, ಫ್ರಾಂಕ್ ಮತ್ತು ಹೆಂಡರ್ಸನ್ ಜೊತೆ, 2017ರ ನೊಬೆಲ್ ಬಂತು. ಎಳೆಯ ದಪ್ಪ, ಅದು ಟೊಳ್ಳೋ ಗಟ್ಟಿಯೋ, ಹುರಿಗೊಂಡಿದೆಯೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇಲ್ಲೂ ಒಂದು ತೊಡಕಿದೆ. ಪೊರೆ ನೂರು ನ್ಯಾನೋಮೀಟರ್ ಆಸುಪಾಸು ಇರಬೇಕು. ಗಟ್ಟಿ ಜೆಲ್ ಅನ್ನು ಅಷ್ಟು ತೆಳ್ಳಗೆ ಮಾಡಲು ಒತ್ತಿ ಹೀರಲೇಬೇಕು. ಒತ್ತಿದಾಗ ಎಳೆಗಳು ಒಂದೇ ದಿಕ್ಕಿಗೆ ಮಲಗುತ್ತವೆ, ಕೆಲವು ಮುರಿಯುತ್ತವೆ. ಹಾಗಾಗಿ ಎಳೆಯ ಬಗ್ಗೆ ಕ್ರಯೋ ಮಾತು ನಂಬಿ. ಬಲೆಯ ಬಗ್ಗೆ ಅದು ಹೇಳಿದರೆ ನಂಬಬೇಡಿ.

ಹಾಗಾದರೆ ಹಸಿ ಜೆಲ್ ಅನ್ನು ಅದು ಇದ್ದ ಹಾಗೇ ನೋಡುವುದು ಹೇಗೆ? ಚದುರಿಕೆಯಿಂದ. ಸಣ್ಣ ಕೋನದ ಎಕ್ಸ್-ರೇ ಚದುರಿಕೆ, ಅಂದರೆ ಸ್ಯಾಕ್ಸ್. ಅದರ ನ್ಯೂಟ್ರಾನ್ ತಮ್ಮ ಸ್ಯಾನ್ಸ್. ಜೆಲ್ ಅನ್ನು ಅಳೆಯುವ ಕೋಶದಲ್ಲೇ ಹೆಪ್ಪು ಹಾಕಬಹುದು. ಒಣಗಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಒತ್ತುವುದೂ ಇಲ್ಲ. ಕಿರಣ ಒಳಗೆ ಹೋಗಿ ಸ್ವಲ್ಪ ಬಾಗಿ ಹೊರಬರುತ್ತದೆ. ಎಷ್ಟು ಬಾಗಿತು ಎನ್ನುವುದರಿಂದ ಒಳಗಿನ ಆಕಾರ ಊಹಿಸುತ್ತೇವೆ. ನಿಮ್ಮ ಪ್ರಶ್ನೆಗೆ ಇದು ನೇರ ಉತ್ತರ ಕೊಡುತ್ತದೆ ನೋಡಿ. ತೀವ್ರತೆಯನ್ನು ಲಾಗ್-ಲಾಗ್ ನಕ್ಷೆಯಲ್ಲಿ ಹಾಕಿದಾಗ ಉದ್ದನೆಯ ತೆಳು ಕಡ್ಡಿಗಳಾದರೆ ಸಣ್ಣ ಕೋನದ ಕಡೆ ಇಳಿಜಾರು ಮೈನಸ್ 1ರ ಹತ್ತಿರ ಇರುತ್ತದೆ. ಚಪ್ಪಟೆ ಹಾಳೆಗಳಾದರೆ ಮೈನಸ್ 2ರ ಹತ್ತಿರ. ಹಾಳೆಯೋ ನಾರೋ ಎಂಬ ನಿಮ್ಮಿಬ್ಬರ ಜಗಳ ಒಂದು ಗೆರೆಯಲ್ಲಿ ಬಹಳ ಮಟ್ಟಿಗೆ ಮುಗಿಯುತ್ತದೆ.

ಬಹಳ ಮಟ್ಟಿಗೆ ಎಂದೆ, ಪೂರ್ತಿ ಎನ್ನಲಿಲ್ಲ. ಟಿಇಎಂ ಚಿತ್ರವೆಂದರೆ ಚಹಾ ಅಂಗಡಿಯಲ್ಲಿ ನಾಲ್ಕು ಜನರನ್ನು ಕೇಳಿ ಊರಿನ ಅಭಿಪ್ರಾಯ ಬರೆದ ಹಾಗೆ. ಸ್ಯಾಕ್ಸ್ ಇಡೀ ಊರಿನ ಗಣತಿ. ಆದರೆ ಗಣತಿಯಲ್ಲಿ ಸಿಗುವುದು ಸರಾಸರಿ ಮಾತ್ರ, ಯಾರ ಮುಖವೂ ಕಾಣುವುದಿಲ್ಲ. ಒಂದೇ ಗೆರೆಗೆ ಟೊಳ್ಳು ಕೊಳವೆ, ಚಪ್ಪಟೆ ಪಟ್ಟಿ, ದಪ್ಪ ಏರುಪೇರಾದ ಕಡ್ಡಿ, ಮೂರೂ ಹೊಂದಬಹುದು. ಕಂಪ್ಯೂಟರ್ ಮೂರಕ್ಕೂ ಚೆನ್ನಾಗಿದೆ ಎನ್ನುತ್ತದೆ. ಯಾವ ಮಾದರಿ ಆರಿಸಬೇಕೆಂದು ತಿಳಿಯಲು ಆ ನಾಲ್ಕು ಜನರ ಮುಖವೂ ಬೇಕು. ಚದುರಿಕೆ ಮತ್ತು ಕ್ರಯೋ ಚಿತ್ರ ಎರಡೂ ಒಂದೇ ದಪ್ಪ ಹೇಳಿದರೆ ಆಗ ನೆಮ್ಮದಿಯಿಂದ ಬರೆಯಬಹುದು. ಇವೆರಡರ ತಪ್ಪುಗಳು ಬೇರೆ ಬೇರೆ ಜಾತಿಯವು. ಎರಡೂ ಒಂದೇ ಕಡೆಗೆ ಎಡವುವುದು ಅಪರೂಪ. ನೀವು ಕೇಳಿದ ‘ಯಾವುದನ್ನು ನಂಬಬೇಕು’ ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ಯಾವ ಒಂದನ್ನೂ ಅಲ್ಲ. ಬೇರೆ ಬೇರೆ ರೀತಿಯಲ್ಲಿ ತಪ್ಪುವ ಎರಡು ವಿಧಾನ ಆರಿಸಿಕೊಳ್ಳಿ. ಎಸ್‌ಇಎಂ ಮತ್ತು ಒಣ ಟಿಇಎಂ ಎರಡೂ ಒಣಗಿಸುವಾಗಲೇ ತಪ್ಪುತ್ತವೆ. ಆ ಜೋಡಿ ಕೆಲಸಕ್ಕೆ ಬಾರದು.

ನ್ಯೂಟ್ರಾನ್‌ಗೆ ಒಂದು ಜಾಣತನ ಜಾಸ್ತಿ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣುವುದಿಲ್ಲ. ಸಾದಾ ನೀರಿನಲ್ಲಿ ನಿಮ್ಮ ಎಳೆಯೂ ನ್ಯೂಟ್ರಾನ್ ಕಣ್ಣಿಗೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ನೀರಿನ ಬದಲು ಭಾರಜಲ (ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ರೂಪ ಡ್ಯುಟೇರಿಯಂ ಇರುವ ನೀರು) ಹಾಕಿದರೆ ಬಟ್ಟೆಯ ಬಣ್ಣ ಬದಲಾಗಿ ದಾರ ಎದ್ದು ಕಾಣುತ್ತದೆ. ಹೈಡ್ರೋಜನ್ ಮತ್ತು ಡ್ಯುಟೇರಿಯಂ ನ್ಯೂಟ್ರಾನನ್ನು ಚದುರಿಸುವ ರೀತಿ ಅಷ್ಟು ಬೇರೆ. ಆದರೆ ಭಾರಜಲದಲ್ಲಿ ಜಿಡಿಎಲ್ ಒಡೆಯುವ ವೇಗ ಬೇರೆ, ಹೈಡ್ರೋಜನ್ ಬಂಧದ ಬಲವೂ ಸ್ವಲ್ಪ ಬೇರೆ. ಭಾರಜಲದ ಜೆಲ್ ಮತ್ತು ಸಾದಾ ನೀರಿನ ಜೆಲ್ ಒಂದೇ ಎಂದು ಮೊದಲು ತೋರಿಸಬೇಕು.

ಇನ್ನು ನಿಮ್ಮ 1685. ಇದರ ಹಿಂದೆ ಒಂದು ಒಳ್ಳೆಯ ಕತೆ ಇದೆ. 2008ರಲ್ಲಿ ಮ್ಯಾಂಚೆಸ್ಟರ್‌ನ ಸ್ಮಿತ್, ಸಯಾನಿ, ಯುಲಿನ್ ಮತ್ತು ಸಂಗಡಿಗರು ನಿಮ್ಮದೇ ಅಣುವಿಗೆ ಒಂದು ಮಾದರಿ ಕೊಟ್ಟರು. ಆ್ಯಂಟಿಪ್ಯಾರಲಲ್ ಬೀಟಾ ಶೀಟ್‌ಗಳು, ನಾಲ್ಕು ಶೀಟ್‌ಗಳು ಉಂಗುರಗಳ ಮೂಲಕ ಒಂದಕ್ಕೊಂದು ಬೀಗ ಹಾಕಿಕೊಂಡು ಸುಮಾರು 3 ನ್ಯಾನೋಮೀಟರ್ ದಪ್ಪದ ಸಿಲಿಂಡರ್. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಎಲ್ಲರೂ ಅದನ್ನೇ ಹಾಕಿದರು. ಪ್ರೋಟೀನ್‌ಗಳಲ್ಲಿ 1630ರ ಸುತ್ತ ಒಂದು ದೊಡ್ಡ ಗೆರೆ, 1685ರ ಸುತ್ತ ಒಂದು ಚಿಕ್ಕ ಗೆರೆ ಇದ್ದರೆ ಆ್ಯಂಟಿಪ್ಯಾರಲಲ್ ಎನ್ನುವುದು ವಾಡಿಕೆ. ಅದೇ ವಾಡಿಕೆಯನ್ನು ಈ ಸಣ್ಣ ಅಣುಗಳಿಗೂ ತಂದರು. ಆದರೆ ಎಫ್‌ಮಾಕ್ ಗುಂಪು ಪೆಪ್ಟೈಡ್‌ಗೆ (ಅಮಿನೋ ಆಮ್ಲಗಳ ಸರಪಳಿಗೆ) ಸೇರುವ ಜಾಗದಲ್ಲಿ ಕಾರ್ಬಮೇಟ್ ಎಂಬ ಬೇರೆ ಬಗೆಯ ಜೋಡಣೆ ಇದೆ. ಪ್ರೋಟೀನ್‌ನಲ್ಲಿ ಅದು ಇಲ್ಲ. ಆ ಕಾರ್ಬಮೇಟ್‌ನ ಕಾರ್ಬೊನಿಲ್ ಕೂಡ 1685-1690ರ ಹತ್ತಿರವೇ ಗೆರೆ ಕೊಡುತ್ತದೆ! 2013ರಲ್ಲಿ ಸ್ಟ್ರಾತ್‌ಕ್ಲೈಡ್‌ನ ಗುಂಪು ಪ್ರಯೋಗ ಮತ್ತು ಲೆಕ್ಕಾಚಾರ ಎರಡರಿಂದಲೂ ಇದನ್ನು ತೋರಿಸಿತು. ಆ ಪ್ರಬಂಧದ ಲೇಖಕರಲ್ಲಿ ಯುಲಿನ್ ಕೂಡ ಇದ್ದರು. ತಾವು ಸೇರಿ ಬರೆದದ್ದನ್ನು ಐದು ವರ್ಷದಲ್ಲಿ ತಾವೇ ಸೇರಿ ತಿದ್ದಿದರು. ನನಗೆ ಆ ಮಾದರಿಗಿಂತ ಈ ತಿದ್ದುಪಡಿಯೇ ಇಷ್ಟ.

ಹಾಗಾಗಿ 1685 ಗೆರೆಯಿಂದ ಆ್ಯಂಟಿಪ್ಯಾರಲಲ್ ಎನ್ನುವಂತಿಲ್ಲ. ಶೀಟ್ ಇಲ್ಲ ಎಂದೂ ಅಲ್ಲ. 1630ರ ಸುತ್ತ ಚೂಪಾದ ಗೆರೆ ಬಂದಿದ್ದರೆ ಅಮೈಡ್‌ಗಳು (ಅಮಿನೋ ಆಮ್ಲಗಳನ್ನು ಜೋಡಿಸುವ ಬಂಧಗಳು) ಸಾಲಾಗಿ ಹೈಡ್ರೋಜನ್ ಬಂಧದಲ್ಲಿ ನಿಂತಿವೆ ಎಂದು ಬರೆಯಬಹುದು. ಅಷ್ಟಕ್ಕೇ ನಿಲ್ಲಿಸಿ. ಆ ಗೆರೆಯನ್ನು ಹಸಿ ಜೆಲ್‌ನಲ್ಲೇ ನೋಡಬೇಕು, ಒಣಗಿಸಿ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಮಾಡಿ ಅಲ್ಲ. ಸಾದಾ ನೀರು 1640ರ ಹತ್ತಿರ ತಾನೇ ಜೋರಾಗಿ ಹೀರುತ್ತದೆ, ನಿಮ್ಮ ಗೆರೆಯನ್ನು ಮುಚ್ಚಿಬಿಡುತ್ತದೆ. ಭಾರಜಲದ ಗೆರೆ 1200ರ ಕಡೆಗೆ ಸರಿಯುವುದರಿಂದ ಜಾಗ ಖಾಲಿಯಾಗುತ್ತದೆ. ಭಾರಜಲದಲ್ಲಿ ಪಿಎಚ್ ಮೀಟರ್ ತೋರಿಸಿದ ಅಂಕಿಗೆ 0.4 ಸೇರಿಸಿಕೊಳ್ಳಿ. ಜೊತೆಗೆ ಇನ್ನೊಂದು ಅಗ್ಗದ ಪರೀಕ್ಷೆ ಮಾಡಿ. ಎಫ್‌ಮಾಕ್-ಫೆನೈಲ್‌ಅಲನೀನ್ ತೆಗೆದುಕೊಳ್ಳಿ. ಅದರಲ್ಲಿ ಕಾರ್ಬಮೇಟ್ ಇದೆ, ಪೆಪ್ಟೈಡ್ ಅಮೈಡ್ ಇಲ್ಲ. ಅದರ ಐಆರ್ ಪಕ್ಕದಲ್ಲಿಟ್ಟು ನೋಡಿದರೆ ಯಾವ ಗೆರೆ ಯಾರದು ಎಂದು ನಿಮಗೇ ಕಾಣುತ್ತದೆ. ಇಂಗಾಲ-13 ಹಾಕಿದ ಅಣು ಮಾಡಿಸಿ ಗೆರೆಯನ್ನು ಸರಿಸುವುದು ಇನ್ನೂ ಗಟ್ಟಿ ಸಾಕ್ಷಿ, ಆದರೆ ಎಂ.ಎಸ್ಸಿ. ಪ್ರಾಜೆಕ್ಟ್‌ನ ದುಡ್ಡಿನಲ್ಲಿ ಅದು ಆಗದ ಮಾತು.

ಸಿಡಿ (ಎಡಕ್ಕೆ ಮತ್ತು ಬಲಕ್ಕೆ ಸುತ್ತುವ ಬೆಳಕನ್ನು ವಸ್ತು ಹೀರುವುದರಲ್ಲಿನ ವ್ಯತ್ಯಾಸ ಅಳೆಯುವ ವಿಧಾನ) ಬಗ್ಗೆ ಎರಡೇ ಮಾತು. ಎಳೆಗಳು ಒಂದೇ ದಿಕ್ಕಿಗೆ ಮಲಗಿದ್ದರೆ ಸುಳ್ಳು ಸಂಕೇತ ಬರುತ್ತದೆ. ಕೋಶವನ್ನು ತಿರುಗಿಸಿ ಇಟ್ಟು ಮತ್ತೆ ಅಳೆಯಿರಿ, ಗೆರೆ ಬದಲಾದರೆ ಬಿಟ್ಟುಬಿಡಿ. ಡಿಎಂಎಸ್ಒ ಇದ್ದರೆ ಅದು ಕೆಳಗಿನ ತರಂಗಾಂತರವನ್ನೆಲ್ಲ ನುಂಗಿಹಾಕುತ್ತದೆ.

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ಪರಮಾಣುಗಳನ್ನು ಗುರುತಿಸುವ ಯಂತ್ರ) ನಿಮ್ಮ ವಿಶ್ವವಿದ್ಯಾಲಯದಲ್ಲಿ ಇರಬಹುದು. ಅದನ್ನು ಉಲ್ಟಾ ಬಳಸಿ. ಎಳೆಗೆ ಸೇರಿದ ಅಣು ಅಲುಗಾಡಲಾರದು, ಅದರ ಗೆರೆ ಎಷ್ಟು ಅಗಲವಾಗುತ್ತದೆಂದರೆ ಕಾಣುವುದೇ ಇಲ್ಲ. ಕಾಣುವುದು ಇನ್ನೂ ಬಿಡಿಯಾಗಿ ತೇಲುವ ಅಣು ಮಾತ್ರ. ಎಳೆಗೆ ಅಂಟದ ಒಂದು ಗೊತ್ತಾದ ವಸ್ತುವನ್ನು ಅಳತೆಗೋಲಾಗಿ ಹಾಕಿ. ಜಿಡಿಎಲ್ ಹಾಕಿದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಅಳೆಯಿರಿ. ಗೆರೆ ಕರಗುವುದನ್ನು ಪಿಎಚ್ ಇಳಿಯುವುದರ ಪಕ್ಕದಲ್ಲಿ, ರಿಯೋಮೀಟರ್ ಏರುವುದರ ಪಕ್ಕದಲ್ಲಿ ಇಡಿ. ಅಣುಗಳು ಯಾವಾಗ ಸೇರಿದವು, ಬಲೆ ಯಾವಾಗ ಬಿಗಿಯಾಯಿತು ಎನ್ನುವ ಎರಡು ಬೇರೆ ಸಮಯ ಸಿಗುತ್ತದೆ.

ಇನ್ನೂ ಅಗ್ಗದ್ದು ಬೇಕೇ? ಟೈಟ್ರೇಷನ್ ಮಾಡಿ, ಅಂದರೆ ಹನಿ ಹನಿಯಾಗಿ ಆಮ್ಲ ಹಾಕುತ್ತಾ ಪಿಎಚ್ ನೋಡಿ. ಸಾದಾ ಪಿಎಚ್ ಮೀಟರ್ ಸಾಕು. ನಿಮ್ಮ ಅಣುವಿನ ಕಾರ್ಬಾಕ್ಸಿಲಿಕ್ ಆಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) ಪುಸ್ತಕದ ಪ್ರಕಾರ 3.5ರ ಸುತ್ತ ಇರಬೇಕು. 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲೇ ಅಳೆದಾಗ ಎರಡು ಮೆಟ್ಟಿಲು ಸಿಕ್ಕವು. ಒಂದು 10ರ ಹತ್ತಿರ, ಇನ್ನೊಂದು 6ರ ಹತ್ತಿರ. ಅಣುಗಳು ಒತ್ತಾಗಿ ಸೇರಿದಾಗ ಪಕ್ಕಪಕ್ಕದ ಋಣ ಆವೇಶಗಳು ಒಂದನ್ನೊಂದು ಸಹಿಸುವುದಿಲ್ಲ, ಹಾಗಾಗಿ ಪ್ರೋಟಾನನ್ನು ಬೇಗ ಹಿಡಿದುಕೊಳ್ಳುತ್ತವೆ. ಅಂದರೆ ಪಿಎಚ್ 9ರಲ್ಲಿ ‘ಕರಗಿದೆ’ ಎಂದು ನೀವು ಅಂದುಕೊಂಡ ತಿಳಿ ದ್ರಾವಣದಲ್ಲೂ ಆಗಲೇ ಎಳೆಗಳಿರಬಹುದು. ಒಂದು ಬ್ಯೂರೆಟ್‌ನಿಂದ ಇಷ್ಟು ರಚನೆ ತಿಳಿಯುತ್ತದೆ.

ಹರಳು ಬೆಳೆಸಿ ಎಕ್ಸ್-ರೇ ರಚನೆ ತೆಗೆದು ‘ಜೆಲ್‌ನಲ್ಲೂ ಹೀಗೇ’ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಜೆಲ್ ಅವಸರದಲ್ಲಿ ಅರ್ಧದಾರಿಯಲ್ಲಿ ಸಿಕ್ಕಿಬಿದ್ದ ಸ್ಥಿತಿ, ಹರಳು ನಿಧಾನವಾಗಿ ಕೂತ ಸ್ಥಿತಿ. ಅಣುಗಳು ಕೂರುವ ರೀತಿ ಬೇರೆಯೇ ಇರಬಹುದು. ಜೆಲ್‌ನ ಚದುರಿಕೆಯ ಜೊತೆ ಹೋಲಿಸಿ ಹೊಂದಿದರೆ ಮಾತ್ರ ಹೇಳಿ.

ರಿಯೋಮೀಟರ್‌ಗೆ ಜೆಲ್ ಅನ್ನು ಚಮಚದಲ್ಲಿ ಎತ್ತಿ ಹಾಕಬೇಡಿ. ಗಟ್ಟಿ ಮೊಸರನ್ನು ಚಮಚದಲ್ಲಿ ಎತ್ತಿದರೆ ನೀರು ಬಿಡುವುದಿಲ್ಲವೇ? ಮುರಿದ ಬಲೆ ಮತ್ತೆ ಮೊದಲಿನಂತೆ ಆಗದಿರಬಹುದು. ಜಿಡಿಎಲ್ ಹಾಕಿದ ಕೂಡಲೇ ದ್ರವವಾಗಿರುವಾಗಲೇ ತಟ್ಟೆಯ ಮೇಲೆ ಸುರಿದು, ಅಂಚಿಗೆ ಎಣ್ಣೆ ಸವರಿ, ಅಲ್ಲೇ ಹೆಪ್ಪಾಗಲು ಬಿಡಿ. ಜಿ ಪ್ರೈಮ್ (ಘನದಂತೆ ಸೆಟೆಯುವ ಗುಣದ ಅಳತೆ) ಎನ್ನುವುದು ಜಿ ಡಬಲ್ ಪ್ರೈಮ್‌ಗಿಂತ (ದ್ರವದಂತೆ ಹರಿಯುವ ಗುಣದ ಅಳತೆ) ಹತ್ತು ಪಟ್ಟಾದರೂ ಜಾಸ್ತಿ ಇದ್ದು, ಆವರ್ತನ ಬದಲಿಸಿದರೂ ಹೆಚ್ಚು ಅಲುಗದಿದ್ದರೆ ಆಗ ಜೆಲ್ ಎನ್ನಿ.

ದೊಡ್ಡ ಯಂತ್ರ ಇಲ್ಲ ಎಂದು ಕೊರಗಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಉದಯ್ ಮೈತ್ರ ಅವರ ಗುಂಪು ಪಿತ್ತರಸದ ಆಮ್ಲಗಳಿಂದ ಜೆಲ್ ಮಾಡುವ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿದೆ. 2001ರಲ್ಲಿ ಅವರು ಕೋಲಿಕ್ ಆಮ್ಲದ ಒಂದು ಜೆಲ್‌ನಲ್ಲಿ ಬಣ್ಣದ ಅಣು ಸೇರಿಸಿದರು. ಜೆಲ್ ಆಗುತ್ತಿದ್ದಂತೆ ಬಣ್ಣ ಬದಲಾಯಿತು. ಎಳೆಗಳ ನಡುವೆ ನೀರಿಗೆ ಆಗದ ಸಣ್ಣ ಸಣ್ಣ ಜೇಬುಗಳಿವೆ ಎಂದು ಅದರಿಂದ ಗೊತ್ತಾಯಿತು. ಕಣ್ಣಿಗೇ ಕಾಣುವ ಪ್ರಯೋಗ. ನೈಲ್ ರೆಡ್ ಎಂಬ ಬಣ್ಣ ಹಾಕಿ ನೀವೂ ಇಂಥದ್ದು ಮಾಡಬಹುದು. ಸಾಮಾನ್ಯ ಫ್ಲೋರೊಸೆನ್ಸ್ ಯಂತ್ರ ಸಾಕು. ಕಾನ್‌ಫೋಕಲ್ ಸಿಕ್ಕರೆ ಹಸಿ ಜೆಲ್‌ನಲ್ಲೇ ದುಂಡು ಗುಂಪುಗಳಿವೆಯೋ ಸಮನಾದ ಬಲೆಯೋ ಎಂದೂ ಕಾಣುತ್ತದೆ. ಬಣ್ಣ ಸೇರಿಸಿದ್ದರಿಂದಲೇ ಜೆಲ್ ಬದಲಾಗಲಿಲ್ಲ ಎಂದು ರಿಯೋಮೀಟರ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಸ್ಯಾಕ್ಸ್‌ಗೆ ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್ (ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಇದೆ. ಸ್ಯಾನ್ಸ್‌ಗೆ ಮುಂಬೈನ ಬಿಎಆರ್‌ಸಿಯ ಧ್ರುವ ರಿಯಾಕ್ಟರ್ ಇದೆ. ವಿಶ್ವವಿದ್ಯಾಲಯದವರು ಇಂಥ ದೊಡ್ಡ ಸೌಲಭ್ಯ ಬಳಸಲೆಂದೇ ಯುಜಿಸಿ-ಡಿಎಇ ಒಕ್ಕೂಟ ಇರುವುದು. ನಿಮ್ಮ ಗೈಡ್ ಹೆಸರಿನಲ್ಲಿ ಅರ್ಜಿ ಹಾಕಿಸಿ. ಸರದಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಈಗಲೇ ಹಾಕಿ. ಐದು ಸಾಲಿನಲ್ಲಿ ‘ಹಾಳೆಯೋ ನಾರೋ ತಿಳಿಯಬೇಕು, ಇಳಿಜಾರು ಇಷ್ಟಿದ್ದರೆ ಇದು, ಅಷ್ಟಿದ್ದರೆ ಅದು’ ಎಂದು ಬರೆದ ಅರ್ಜಿಗೆ, ‘ರಚನೆಯ ಅಧ್ಯಯನ’ ಎಂದು ಎರಡು ಪುಟ ಬರೆದ ಅರ್ಜಿಗಿಂತ ಬೆಲೆ ಜಾಸ್ತಿ.

ಇನ್ನು ವರದಿಯಲ್ಲಿ ಈಗ ಏನು ಬರೆಯಬೇಕು? ಎಸ್‌ಇಎಂ ಚಿತ್ರವನ್ನು ತೆಗೆಯಬೇಡಿ, ಅದರ ಕೆಳಗೆ ‘ಫ್ರೀಜ್ ಡ್ರೈ ಮಾಡಿದ ಮಾದರಿ, ಹಾಳೆಯಂಥ ಆಕಾರ ಒಣಗಿಸುವಾಗ ಬಂದಿರಬಹುದು’ ಎಂದು ಬರೆಯಿರಿ. ‘ಆ್ಯಂಟಿಪ್ಯಾರಲಲ್’ ಪದ ಹೊಡೆದುಹಾಕಿ. ಅದರ ಜಾಗದಲ್ಲಿ 1630ರ ಗೆರೆಯ ಮಾತು ಮಾತ್ರ ಇರಲಿ, ಅದೂ ಭಾರಜಲದಲ್ಲಿ ಮತ್ತೆ ಅಳೆದ ಮೇಲೆ. ಗೆಳತಿಯನ್ನು ಕರೆದು ಒಂದೇ ದಿನ, ಒಂದೇ ಮೇಜಿನ ಮೇಲೆ, ಒಂದೇ ಡಬ್ಬದ ಜಿಡಿಎಲ್‌ನಿಂದ ಇಬ್ಬರೂ ಜೆಲ್ ಮಾಡಿ ನೋಡಿ. ಆ ಡಬ್ಬದ ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿ ಡೆಸಿಕೇಟರ್‌ನಲ್ಲಿಡಿ. ಜಿಡಿಎಲ್ ಗಾಳಿಯ ತೇವ ಕುಡಿದು ಡಬ್ಬದಲ್ಲೇ ಆಮ್ಲವಾಗತೊಡಗುತ್ತದೆ, ಧಾರವಾಡದ ಮಳೆಗಾಲದಲ್ಲಿ ಇನ್ನೂ ಬೇಗ.